ಬೆಂಗಳೂರು–ಮಂಗಳೂರು ಹೆದ್ದಾರಿ 75: ಕಾಂಕ್ರೀಟ್ ಗಟ್ಟಿ, ಧರೆ ಸಡಿಲ

ಬೆಂಗಳೂರು–ಮಂಗಳೂರು ನಡುವಿನ ಸುಮಾರು 350 ಕಿ.ಮೀ. ದಾರಿಗೆ ಒಟ್ಟಾರೆ ಒಂದು ಅಂಕ ಕೊಟ್ಟರೆ ಯಾರಿಗೂ ಉಪಯೋಗವಾಗದು. ನೆಲಮಂಗಲದಿಂದ ಹಾಸನದವರೆಗೆ ಐದಕ್ಕೆ ನಾಲ್ಕೂವರೆ. ಹಾಸನದಿಂದ ಸಕಲೇಶಪುರದಾಚೆಯ ದೋಣಿಗಲ್‌ವರೆಗೆ ಮೂರೂವರೆ. ಶಿರಾಡಿ ಘಾಟಿಗೆ ಬೇಸಿಗೆಯಲ್ಲಿ ನಾಲ್ಕು, ಜುಲೈ–ಆಗಸ್ಟ್‌ನಲ್ಲಿ ಎರಡು. ಒಂದೇ ರಸ್ತೆಗೆ ಎರಡು ಅಂಕ ಯಾಕೆಂದರೆ, ಘಾಟಿಯಲ್ಲಿ ಈಗ ಕೆಡುವುದು ರಸ್ತೆಯಲ್ಲ, ರಸ್ತೆಯ ಪಕ್ಕದ ಗುಡ್ಡ. ಹೊರಡುವ ಮುಂಚೆ ಇದನ್ನು ತಿಳಿದುಕೊಂಡಿದ್ದರೆ ಸಾಕಷ್ಟು ತಾಪತ್ರಯ ತಪ್ಪುತ್ತದೆ.

ಮೊದಲು ನಂಬರಿನ ಗೊಂದಲ. ಹಳಬರು ಇದನ್ನು ಇವತ್ತಿಗೂ 48 ಎನ್ನುತ್ತಾರೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಬಂದಾಗ ಇದು 75 ಆಯಿತು. ಬಂಟ್ವಾಳದಲ್ಲಿ ಶುರುವಾಗಿ ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ವೆಲ್ಲೂರಿನ ಕಡೆ ಹೋಗುತ್ತದೆ. 48 ಎಂಬ ಸಂಖ್ಯೆ ಈಗ ದೆಹಲಿ–ಮುಂಬೈ–ಬೆಂಗಳೂರು–ಚೆನ್ನೈ ದಾರಿಯದು. ಬಿ.ಸಿ. ರೋಡಿನಿಂದ (ಬಂಟ್ವಾಳ ಕ್ರಾಸ್) ಮಂಗಳೂರಿನವರೆಗಿನ ತುಂಡು ಲೆಕ್ಕದಲ್ಲಿ 73.

ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ: ಈ ಭಾಗದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಚತುಷ್ಪಥ, ಊರುಗಳಿಗೆಲ್ಲ ಬೈಪಾಸ್, ಹೊಂಡವಿಲ್ಲ. ಬೆಂಗಳೂರು ಬಿಡುವಾಗಿನ ಎಲಿವೇಟೆಡ್ ರಸ್ತೆಯ ಟೋಲ್ ಬಿಟ್ಟು ದೊಡ್ಡಕರೇನಹಳ್ಳಿ, ಕರ್ಬೈಲು, ಶಾಂತಿಗ್ರಾಮಗಳಲ್ಲಿ ಟೋಲ್ ಕಟ್ಟಬೇಕು. 24 ಗಂಟೆಯೊಳಗೆ ಅದೇ ಗೇಟಿನಿಂದ ವಾಪಸಾದರೆ ಎರಡೂ ಕಡೆಯದು ಸೇರಿ ಒಂದೂವರೆ ಪಟ್ಟು ಮಾತ್ರ. ಹಾಸನಕ್ಕಷ್ಟೇ ಹೋಗಿ ಬರುವವರಿಗೆ ಇದು ಒಳ್ಳೆಯ ಉಳಿತಾಯ. ಮೀಡಿಯನ್ ಸೀಳಿರುವ ಹಳ್ಳಿ ಕ್ರಾಸ್‌ಗಳಲ್ಲಿ ಮಾತ್ರ ಜಾಗ್ರತೆ ಬೇಕು. ರಾಂಗ್ ಸೈಡಿನಲ್ಲಿ ಬರುವ ಬೈಕು, ಬೆಳಗಿನ ಹೊತ್ತಿನ ಹಾಲಿನ ಗಾಡಿ, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗುವುದು ಅಲ್ಲಿಯೇ.

ಹಾಸನ ದಾಟಿದ ಮೇಲೆ ಆಲೂರು, ಬಾಳ್ಳುಪೇಟೆ, ಸಕಲೇಶಪುರ. ಅಗಲೀಕರಣದ ಕೆಲಸ ಕುಂಟುತ್ತಾ ಸಾಗಿದ್ದರಿಂದ ಈ ಭಾಗದವರು ವರ್ಷಗಟ್ಟಲೆ ಧೂಳು ಕುಡಿದರು. ಸಕಲೇಶಪುರದ ಪೇಟೆ ಬೀದಿಯಲ್ಲಿ ಲಾರಿಗಳ ಹಿಂದೆ ತೆವಳುವ ಕಷ್ಟವನ್ನು ಬೈಪಾಸ್ ತಪ್ಪಿಸಿದೆ. ಆದರೂ ಡೀಸೆಲ್, ಊಟ, ಶೌಚಾಲಯ ಎಲ್ಲವನ್ನೂ ಇಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು. ಘಾಟಿಯಲ್ಲಿ ಬ್ಲಾಕ್ ಆದರೆ ಮುಂದೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ, ಮೊಬೈಲ್ ಸಿಗ್ನಲ್ಲೂ ಸಿಗದ ಜಾಗಗಳಿವೆ.

ಸಕಲೇಶಪುರದಲ್ಲಿ ಹೇಮಾವತಿಗೆ ಬಿದ್ದ ಮಳೆ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದೋಣಿಗಲ್ ದಾಟಿ ಇಳಿಯತೊಡಗಿದರೆ ಬಿದ್ದ ನೀರೆಲ್ಲ ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರಾ, ನೇತ್ರಾವತಿ ಎಂದು ಅರಬ್ಬಿ ಸಮುದ್ರಕ್ಕೆ. ಈ ಅಂಚಿನಲ್ಲೇ ಟಿಪ್ಪು 1792ರಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದು. ಕರಾವಳಿಯಿಂದ ಹತ್ತುವ ದಾರಿ ಅಲ್ಲಿಂದ ಕಾಣುತ್ತದೆ. ಸಕಲೇಶಪುರ ತಾಲ್ಲೂಕಿಗೇ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. ಆಮೇಲೆ ಕಾಫಿ ಬಂತು, ತೋಟಗಳ ಕಾಫಿ ಸಂಸ್ಕರಣೆಗೆ ಮತ್ತು ಹಡಗಿಗೆ ಮಂಗಳೂರಿಗೇ ಇಳಿಯಬೇಕಿತ್ತು. ಘಾಟಿ ರಸ್ತೆಗಳು ಬೆಳೆದದ್ದು ಈ ಸರಕಿನ ಒತ್ತಡದಿಂದ.

ಶಿರಾಡಿ ಘಾಟಿ ಎಂದರೆ ಹೆಗ್ಗದ್ದೆ, ಮಾರನಹಳ್ಳಿ, ಕೆಂಪುಹೊಳೆ, ಗುಂಡ್ಯ, ಅಡ್ಡಹೊಳೆಯವರೆಗಿನ ಸುಮಾರು 26 ಕಿ.ಮೀ. ಡಾಂಬರು ಇದ್ದ ಕಾಲದಲ್ಲಿ ಪ್ರತಿ ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆ ಕಿತ್ತು ಬರುತ್ತಿತ್ತು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಾಗ. ನೀರು ಜಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಅಂಟನ್ನು ಬಿಡಿಸುತ್ತದೆ, ಮೇಲೆ ತುಂಬಿದ ಲಾರಿಯ ಚಕ್ರ ಹರಿದಾಗ ಸಡಿಲಾದ ಜಲ್ಲಿ ಎದ್ದು ಬರುತ್ತದೆ, ಮರುದಿನಕ್ಕೆ ಅಲ್ಲೊಂದು ಹೊಂಡ. ಅದಿರು ರಫ್ತಿನ ದಿನಗಳಲ್ಲಿ ಬಂದರಿಗೆ ಹೋಗುವ ಲಾರಿಗಳು ಈ ದಾರಿಯನ್ನು ಅರೆದು ಹಾಕಿದ್ದವು.

ಪರಿಹಾರ ಕಾಂಕ್ರೀಟ್. 2015ರ ಜನವರಿಯಿಂದ ಆಗಸ್ಟ್‌ವರೆಗೆ ಘಾಟಿ ಮುಚ್ಚಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗಿನ ಮೊದಲ ಹಂತ, 2018ರ ಜನವರಿಯಿಂದ ಜುಲೈವರೆಗೆ ಮತ್ತೆ ಮುಚ್ಚಿ ಅಡ್ಡಹೊಳೆವರೆಗಿನ ಎರಡನೇ ಹಂತ. ಅಷ್ಟು ತಿಂಗಳು ಮುಚ್ಚಿದ್ದಕ್ಕೆ ಆಗ ಜನ ಬೈದರು, ಆದರೆ ಅದು ಸರಿಯಾದ ನಿರ್ಧಾರವೇ. ಹಾಕಿದ ಕಾಂಕ್ರೀಟಿಗೆ ಪೂರ್ತಿ ಬಲ ಬರಲು ನಾಲ್ಕು ವಾರ ಬೇಕು, ಅರ್ಧ ರಸ್ತೆಯಲ್ಲಿ ಲಾರಿ ಬಿಟ್ಟುಕೊಂಡು ಉಳಿದರ್ಧ ಹಾಕುವಷ್ಟು ಅಗಲ ಅಲ್ಲಿಲ್ಲ. ಫಲ ಎದುರಿಗಿದೆ: ಇಷ್ಟು ಮಳೆ ಕಂಡ ಮೇಲೂ ಚಪ್ಪಡಿಗಳು ಗಟ್ಟಿಯಾಗಿಯೇ ಇವೆ, ಜಾಯಿಂಟುಗಳ ಮೇಲೆ ಟೈರು ಹರಿಯುವ ಟಕಟಕ ಸದ್ದೊಂದು ಬಿಟ್ಟರೆ ಸವಾರಿಗೆ ತೊಂದರೆಯಿಲ್ಲ.

ಒಂದು ಕೊರತೆಯನ್ನು ಹೇಳಲೇಬೇಕು. ಕಾಂಕ್ರೀಟಿನ ಅಂಚು ಗಟ್ಟಿ, ಪಕ್ಕದ ಮಣ್ಣು ಮೆದು. ಮಳೆ ಮಣ್ಣನ್ನು ಕೊಚ್ಚಿದಲ್ಲೆಲ್ಲ ಅಂಚು ಮೆಟ್ಟಿಲಾಗಿ ನಿಲ್ಲುತ್ತದೆ. ಎದುರಿನ ಬಸ್ಸಿಗೆ ಜಾಗ ಬಿಡಲು ಹೋಗಿ ಎಡಚಕ್ರ ಕೆಳಗಿಳಿದರೆ ಗಾಬರಿಯಿಂದ ಸ್ಟೇರಿಂಗ್ ಎಳೆಯಬಾರದು. ಎಳೆದರೆ ಚಕ್ರ ಅಂಚಿಗೆ ಸಿಕ್ಕಿ, ಹತ್ತಿದ ಕ್ಷಣ ಗಾಡಿ ಬಲಕ್ಕೆ ಎಗರುತ್ತದೆ. ಆಕ್ಸಿಲರೇಟರ್ ಬಿಟ್ಟು, ವೇಗ ಪೂರ್ತಿ ಇಳಿಸಿ, ಅಂಚು ತಗ್ಗಿರುವ ಕಡೆ ನಿಧಾನವಾಗಿ ಹತ್ತಿಸಬೇಕು.

ಇನ್ನು ಗುಡ್ಡ. ಇಲ್ಲಿ ಎರಡು ಬಗೆಯ ಕುಸಿತವಿದೆ, ಎರಡಕ್ಕೂ ಕಾರಣ ಬೇರೆ. 2021 ಮತ್ತು 2022ರ ಜುಲೈನಲ್ಲಿ ದೋಣಿಗಲ್ ಬಳಿ ಆದದ್ದು ರಸ್ತೆಯ ಕೆಳಬದಿಯ ಕುಸಿತ. ತುಂಬಿದ ಮಣ್ಣಿನ ಮೇಲೆ ಕೂತ ರಸ್ತೆಯ ಅಂಚು ನೀರು ಕುಡಿದು ಕಣಿವೆಯ ಕಡೆ ಜಾರುತ್ತದೆ. ಮೊದಲು ಉದ್ದನೆಯ ಬಿರುಕು, ಆಮೇಲೆ ಅರ್ಧ ಲೇನ್. 2024ರ ಮಳೆಗಾಲದಲ್ಲಿ ದೊಡ್ಡತಪ್ಪಲೆಯಲ್ಲಿ ಆದದ್ದು ಮೇಲ್ಬದಿಯದು. ಅಗಲೀಕರಣಕ್ಕೆಂದು ಧರೆಯನ್ನು, ಅಂದರೆ ರಸ್ತೆ ಪಕ್ಕದ ಗುಡ್ಡದ ಬದಿಯನ್ನು, ಗೋಡೆಯಂತೆ ನೆಟ್ಟಗೆ ಕಡಿದರೆ, ನೆನೆದ ಮಣ್ಣು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಚರಂಡಿ ಕೊಟ್ಟು, ಬುಡಕ್ಕೆ ನೀರು ಸೋರಲು ತೂತಿರುವ ತಡೆಗೋಡೆ ಕಟ್ಟಿದರೆ ಇದು ಬಹುಮಟ್ಟಿಗೆ ತಡೆಯುವಂಥದ್ದೇ. ಈ ಕೆಲಸ ಮೊದಲು ಆಗಿ ರಸ್ತೆ ಆಮೇಲೆ ಅಗಲವಾಗಬೇಕಿತ್ತು, ಆದದ್ದು ತಿರುಗಾಮುರುಗಾ. ಸುರಂಗ ಮಾರ್ಗದ ಪ್ರಸ್ತಾಪವಂತೂ ದಶಕ ಮೀರಿ ಕಡತದಲ್ಲಿದೆ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರು, ಕಾರಿಗೆ ಎರಡು ಅಥವಾ ಮೂರು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್, ಡಿಸ್ಕ್ ಕಾದು ಬ್ರೇಕ್ ಫ್ಲೂಯಿಡ್ ಕುದಿಯುತ್ತದೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಹುಯ್ಯಬೇಡಿ. ಧರೆಯ ಬುಡದಲ್ಲಿ ಮಳೆಯಲ್ಲಿ ಗಾಡಿ ನಿಲ್ಲಿಸಲೇಬಾರದು. ಮಂಜು ಕವಿದರೆ ಹೈಬೀಮ್ ಹಾಕಿದಷ್ಟೂ ಬಿಳಿ ಗೋಡೆಯೇ ಕಾಣುತ್ತದೆ. ಡಿಪ್ ಲೈಟ್ ಇಟ್ಟು ರಸ್ತೆಯ ಎಡಗೆರೆ ಹಿಡಿದು ಹೋಗಿ. ಗ್ಯಾಸ್ ಟ್ಯಾಂಕರುಗಳನ್ನು ತಿರುವಿನಲ್ಲಿ ಹಿಂದಿಕ್ಕುವ ಆತುರ ಬೇಡ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೊತ್ತಿಕೊಂಡ ದುರಂತ ನಡೆದದ್ದು ಇದೇ ರಸ್ತೆಯಲ್ಲಿ.

ಗುಂಡ್ಯದಲ್ಲಿ ಸುಬ್ರಹ್ಮಣ್ಯಕ್ಕೆ, ಪೆರಿಯಶಾಂತಿಯಲ್ಲಿ ಧರ್ಮಸ್ಥಳಕ್ಕೆ, ಮಾಣಿಯಲ್ಲಿ ಪುತ್ತೂರು–ಮಡಿಕೇರಿಗೆ ದಾರಿ ಒಡೆಯುತ್ತದೆ. ನೆಲ್ಯಾಡಿ, ಉಪ್ಪಿನಂಗಡಿ ಕಡೆ ಕಾಮಗಾರಿ ನಡೆದಲ್ಲೆಲ್ಲ ತಿರುವು ರಸ್ತೆಯ ಬಾಣದ ಗುರುತನ್ನು ರಾತ್ರಿ ಪೂರ್ತಿ ನಂಬಬೇಡಿ. ಕಲ್ಲಡ್ಕದಲ್ಲಿ ವರ್ಷಗಟ್ಟಲೆ ಕೆಸರಾಗಿದ್ದ ಜಾಗದ ಮೇಲೆ 2025ರಲ್ಲಿ ಫ್ಲೈಓವರ್ ತೆರೆದಿದೆ. ಅದನ್ನು ಹತ್ತಿದರೆ ಕೆ.ಟಿ., ಅಂದರೆ ಕಲ್ಲಡ್ಕ ಟೀ, ತಪ್ಪುತ್ತದೆ. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಬೇರೆ ಬೇರೆ ಪದರವಾಗಿ ನಿಂತ ಆ ಚಹಾ ಬೇಕಿದ್ದರೆ ಸರ್ವಿಸ್ ರಸ್ತೆ ಹಿಡಿಯಿರಿ.

ಮಳೆಗಾಲದಲ್ಲಿ ಹೊರಡುವ ದಿನ ಹಾಸನ ಮತ್ತು ದಕ್ಷಿಣ ಕನ್ನಡ, ಎರಡೂ ಜಿಲ್ಲಾಧಿಕಾರಿಗಳ ಆದೇಶ ನೋಡಿ. ರಾತ್ರಿ ಸಂಚಾರ ನಿಷೇಧ ಒಂದು ಕಡೆಯಿಂದ ಬಂದರೂ ದಾರಿ ಮುಚ್ಚಿದಂತೆಯೇ. ಹಾಸನ ತಲುಪಿದ ಮೇಲೆ ಸುದ್ದಿ ಸಿಕ್ಕರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಇಳಿಯಬಹುದು. ಅದು ಇನ್ನೂ ಇಕ್ಕಟ್ಟು, ತಿರುವು ಕಡಿದು, ದೊಡ್ಡ ಲಾರಿಗಳಿಗೆ ಆಗದು, ಅಲ್ಲೂ ಧರೆ ಕುಸಿಯುತ್ತದೆ. ಬೆಂಗಳೂರಿನಲ್ಲೇ ಸುದ್ದಿ ಗೊತ್ತಾದರೆ ಮೈಸೂರು, ಮಡಿಕೇರಿ, ಸಂಪಾಜೆ ದಾರಿ ಲೇಸು. ಎರಡು ಗಂಟೆ ಹೆಚ್ಚು ಹಿಡಿಯುತ್ತದೆ, 2018ರ ಆಗಸ್ಟ್‌ನಲ್ಲಿ ಅದೂ ಕುಸಿದಿತ್ತು, ಆದ್ದರಿಂದ ಕೊಡಗಿನ ಮಳೆ ಸುದ್ದಿಯನ್ನೂ ಕೇಳಿಕೊಂಡೇ ಹೊರಡಿ. ಮೂರೂ ಘಾಟಿ ಮುಚ್ಚಿದ ದಿನ ಪ್ರಯಾಣ ಮುಂದೂಡುವುದೊಂದೇ ದಾರಿ.