ಲಿವರ್ ಹುಳಕ್ಕೆ ಕುರಿ ಹಿಕ್ಕೆ ಪರೀಕ್ಷೆ: ನಮ್ಮ ಪಶು ಆಸ್ಪತ್ರೆಗೆ ಐದಕ್ಕೆ ನಾಲ್ಕು ಅಂಕ

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲು. 32 ಬನ್ನೂರು ಕುರಿ ಸಾಕಿದ್ದೇವೆ. ಭತ್ತ ಕೊಯ್ದ ಮೇಲೆ ಜನವರಿಯಲ್ಲಿ ಕೂಳೆ ಗದ್ದೆಗೆ ಬಿಟ್ಟಿದ್ದೆವು. ಯುಗಾದಿ ಕಳೆದು ಮೂರು ವಾರಕ್ಕೆ ಎರಡು ಕುರಿ ಮೇವು ಬಿಟ್ಟವು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ಗದ್ದದ ಕೆಳಗೆ ಬಾವು ಬಂದ ಮೇಲೆ ಎಚ್ಚೆತ್ತುಕೊಂಡು ಹೋದ ವರ್ಷ ಐದು ಕುರಿ ಕಳೆದುಕೊಂಡಿದ್ದೆ. ಈ ಸಲ ಬಾವು ಬರುವವರೆಗೆ ಕಾಯಲಿಲ್ಲ. ಹಸಿ ಗದ್ದೆಯ ಹುಲ್ಲಿನ ಜೊತೆ ಒಳಹೊಕ್ಕು ಲಿವರಿನಲ್ಲಿ ಬೆಳೆಯುವ ಲಿವರ್ ಹುಳದ ಅನುಮಾನ ಬಂತು.

ಮೊದಲು ಒಂದು ಖಾಸಗಿ ಲ್ಯಾಬಿಗೆ ಹಿಕ್ಕೆ ಕೊಟ್ಟೆ. ಉಪ್ಪುನೀರಲ್ಲಿ ತೇಲಿಸಿ ನೋಡಿ 'ಏನೂ ಇಲ್ಲ' ಅಂದರು. ಮನಸ್ಸು ಒಪ್ಪಲಿಲ್ಲ, ಅದೇ ವಾರ ತಾಲ್ಲೂಕು ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಮಾತೇ 'ತೇಲಿಸಿದರಾ, ತಳಕ್ಕೆ ಕೂರಿಸಿದರಾ?' ಲಿವರ್ ಹುಳದ ಮೊಟ್ಟೆ ಭಾರ, ತೇಲುವುದಿಲ್ಲವಂತೆ. ಅವರು ಹಿಕ್ಕೆ ಕಲಸಿ, ಸೋಸಿ, ನೀರು ಬದಲಿಸಿ ಬದಲಿಸಿ ತಳದ ಗಸಿ ತೆಗೆದು, ಒಂದು ಹನಿ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನೀಲಿಯ ನಡುವೆ ಹೊಂಬಣ್ಣದ ಮೊಟ್ಟೆಗಳು! ಹೊಟ್ಟೆಹುಳದ (ಆಂಫಿಸ್ಟೋಮ್) ಮೊಟ್ಟೆಯೂ ಇದೇ ಆಕಾರ, ಆದರೆ ಅದಕ್ಕೆ ಬಣ್ಣವಿಲ್ಲ ಎಂದು ಬೇರೆ ಮಾಡಿ ಹೇಳಿದರು. ಅಷ್ಟು ತಾಳ್ಮೆಗೆ ನಾನು ಋಣಿ.

ಒಂದು ಅಂಕ ಕಡಿಮೆ ಕೊಟ್ಟಿದ್ದಕ್ಕೆ ಕಾರಣವಿದೆ. ಚೀಟಿಯಲ್ಲಿ 'ಇದೆ' ಅಂತ ಮಾತ್ರ ಬರೆದುಕೊಟ್ಟರು, ಎಷ್ಟು ಅಂತಿಲ್ಲ. ಇನ್ನೊಂದು, ಹುಳ ಹೊಕ್ಕ ಮೇಲೆ ಸುಮಾರು ಮೂರು ತಿಂಗಳವರೆಗೆ ಹಿಕ್ಕೆಯಲ್ಲಿ ಮೊಟ್ಟೆ ಕಾಣುವುದಿಲ್ಲ, ಅಷ್ಟರಲ್ಲಿ ಮರಿಹುಳ ಲಿವರನ್ನು ಕೊರೆದು ಕುರಿ ಸತ್ತೇ ಹೋಗಬಹುದು. ಅದನ್ನು ಮೊದಲೇ ಹಿಡಿಯುವ ರಕ್ತಪರೀಕ್ಷೆ ಅಲ್ಲಿಲ್ಲ, ತಾಲ್ಲೂಕಿನಲ್ಲೇ ಸಿಗಬೇಕು. ಅಲ್ಲಿಯವರೆಗೆ ಸತ್ತ ಕುರಿಯನ್ನು ಹೂಳುವ ಮುಂಚೆ ಲಿವರ್ ಕೊಯ್ಸಿ ನೋಡಿ ಎಂದರು ಡಾಕ್ಟರಮ್ಮ. ಹೋದ ವರ್ಷ ಮೊದಲ ಕುರಿ ಸತ್ತಾಗಲೇ ಕೊಯ್ಸಿದ್ದರೆ ಉಳಿದ ನಾಲ್ಕು ಉಳಿಯುತ್ತಿದ್ದವು ಎಂದು ಈಗಲೂ ಅನ್ನಿಸುತ್ತದೆ.

ಔಷಧಿಯಲ್ಲೂ ವ್ಯತ್ಯಾಸವಿದೆ. ನಾನು ಸುಮ್ಮನೆ ತಂದು ಕುಡಿಸುತ್ತಿದ್ದ ಆಕ್ಸಿಕ್ಲೋಜನೈಡ್ ಬೆಳೆದ ಹುಳಕ್ಕೆ ಮಾತ್ರವಂತೆ. ಮರಿಹುಳಕ್ಕೂ ತಾಗುವ ಟ್ರೈಕ್ಲಾಬೆಂಡಜೋಲನ್ನು ತೂಕ ನೋಡಿ ಬರೆದುಕೊಟ್ಟರು. ಎರಡೂ ಕುರಿ ಚೇತರಿಸಿಕೊಂಡಿವೆ, ಒಂದು ಮರಿ ಹಾಕಿದೆ.

ಹೋಗುವವರು ದೊಡ್ಡಿಯ ನೆಲದಿಂದ ಬಳಿದು ಒಯ್ಯಬೇಡಿ. ಏಳೆಂಟು ಕುರಿಗಳ ಹಿಕ್ಕೆಯನ್ನು ಗ್ಲೌಸ್ ಹಾಕಿ ಗುದದಿಂದಲೇ ತೆಗೆದು, ಬೇರೆ ಬೇರೆ ಕವರಿನಲ್ಲಿ ಅವತ್ತೇ ಮುಟ್ಟಿಸಿ. ಮೊಟ್ಟೆ ದಿನವೂ ಒಂದೇ ಸಮ ಬೀಳುವುದಿಲ್ಲ, ಒಂದೇ ಕುರಿಯದ್ದನ್ನು ನಂಬಬೇಡಿ.