ಪೆನ್ಸಿಲ್ಲಾ, ಸಾರಾಂಶನಾ, ಇಲ್ಲ ಗಟ್ಟಿಯಾಗಿ ಓದೋದಾ?

ಒಂದು ಬರಹದ ಆಶಯ ಏನು, ಧಾಟಿ ಏನು ಅಂತ ಹಿಡಿಯೋಕೆ ಮೂರು ದಾರಿ ಟ್ರೈ ಮಾಡಿದೀನಿ. ಪದೇ ಪದೇ ಬರೋ ಪದಗಳಿಗೆ ಪೆನ್ಸಿಲ್ ಗೆರೆ ಹಾಕೋದು, ಓದಿ ಮುಗಿಸಿ ಒಂದೇ ಸಾಲಲ್ಲಿ ಸಾರಾಂಶ ಬರೆಯೋದು, ಮತ್ತೆ ಸುಮ್ನೆ ಗಟ್ಟಿಯಾಗಿ ಓದೋದು.

ಭಾಷಣಕ್ಕೆ ಪೆನ್ಸಿಲ್ಲೇ ಬೆಸ್ಟು, ಕೇಳೋರಿಗೆ ಪುಟ ತಿರುಗಿಸಿ ನೋಡೋಕಾಗಲ್ವಲ್ಲ, ಅದಕ್ಕೇ ಭಾಷಣ ಮಾಡೋರು ಮುಖ್ಯವಾದ್ದನ್ನ ತಿರುತಿರುಗಿ ಹೇಳ್ತಾರೆ. ಅಮೆರಿಕದ ಅಧ್ಯಕ್ಷ ಲಿಂಕನ್ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದಲ್ಲಿ ಮಾಡಿದ 1863ರ ಗೆಟಿಸ್‌ಬರ್ಗ್ ಭಾಷಣ ತಗೊಳ್ಳಿ, ಇರೋದೇ ಸುಮಾರು 270 ಪದ. ಇಂಗ್ಲಿಷ್ ಮೂಲದಲ್ಲಿ ಗೆರೆ ಹಾಕ್ತಾ ಹೋದ್ರೆ ‘ನೇಷನ್’ (ದೇಶ) 5 ಸಲ, ‘ಡೆಡಿಕೇಟ್’ (ಮುಡಿಪಾಗಿಡು) ಅದರ ರೂಪಗಳೂ ಸೇರಿ 6 ಸಲ ಸಿಗುತ್ತೆ, ‘ನಾನು’ ಅನ್ನೋ ಪದ ಒಂದ್ಸಲಾನೂ ಇಲ್ಲ, ಬರೀ ‘ನಾವು’. ಆಶಯಾನೂ ಸಿಕ್ತು, ಆ ತಗ್ಗಿದ ದನಿಯೂ ಸಿಕ್ತು.

ಸಾರಾಂಶದ ದಾರಿ ಪ್ರಬಂಧಕ್ಕೆ ಸರಿಹೋಗುತ್ತೆ ಅಂದ್ಕೊಂಡಿದ್ದೆ, ನೇರವಾಗಿ ವಾದ ಮಾಡೋ ಪ್ರಬಂಧಕ್ಕೆ ಹೋಗುತ್ತೆ ಕೂಡ, ಆದ್ರೆ 1729ರಲ್ಲಿ ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ ಬರೆದ ‘ಎ ಮಾಡೆಸ್ಟ್ ಪ್ರಪೋಸಲ್’ ಹತ್ರ ಮುಗ್ಗರಿಸಿದೆ. ಅದರಲ್ಲಿ ಹೇಳಿರೋದನ್ನ ಹಾಗ್‌ಹಾಗೇ ಒಂದು ಸಾಲಿಗೆ ಇಳಿಸಿದ್ರೆ ‘ಐರ್ಲೆಂಡಿನ ಬಡವರ ಮಕ್ಕಳನ್ನ ಸಾಹುಕಾರರ ಊಟಕ್ಕೆ ಮಾರಬೇಕು’ ಅಂತಾಗುತ್ತೆ! ಬರೆದಿಟ್ಟು ನೋಡ್ದಾಗ ನನಗೇ ಮುಜುಗರ. ಆಮೇಲೆ ಗಟ್ಟಿಯಾಗಿ ಓದ್ದೆ, ಆಗ ಗೊತ್ತಾಯ್ತು, ಮನುಷ್ಯ ಲೆಕ್ಕ ಬರೆಯೋ ಗುಮಾಸ್ತನ ಥರ ಒಂಚೂರೂ ದನಿ ಏರಿಸದೆ, ಒಂದು ವರ್ಷದ ಮಗೂನ ಹೇಗೆಲ್ಲಾ ಬೇಯಿಸಬಹುದು ಅಂತ ತಣ್ಣಗೆ ಹೇಳ್ತಾ ಹೋಗ್ತಾನೆ. ನಡುವೆ ಒಂದು ಮಾತು ತೂರಿಸ್ತಾನೆ, ಜಮೀನ್ದಾರರು ಈಗಾಗ್ಲೇ ಅಪ್ಪಅಮ್ಮಂದಿರನ್ನ ತಿಂದು ಮುಗಿಸಿರೋದ್ರಿಂದ ಮಕ್ಕಳ ಮೇಲೂ ಅವರಿಗೇ ಹೆಚ್ಚು ಹಕ್ಕು ಅಂತ. ಅಲ್ಲಿ ನಾಲಿಗೆ ತಡವರಿಸ್ತು ನೋಡಿ, ವ್ಯಂಗ್ಯ ಯಾರ ಕಡೆ ತಿರುಗಿದೆ ಅನ್ನೋದು ಅಲ್ಲೇ ಇತ್ತು. ಧಾಟಿ ತಪ್ಪಿದ್ರೆ ಆಶಯ ಪೂರ್ತಿ ಉಲ್ಟಾ ಆಗುತ್ತೆ.

ಪದ್ಯಕ್ಕೆ ಸಾರಾಂಶ ಬೇಡವೇ ಬೇಡ. 1915ರಲ್ಲಿ ಅಚ್ಚಾದ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ನ ‘ದ ರೋಡ್ ನಾಟ್ ಟೇಕನ್’ ಪದ್ಯಾನ ಜನ ‘ಯಾರೂ ತುಳಿಯದ ದಾರಿ ಹಿಡಿ’ ಅಂತ ಉತ್ಸಾಹದ ಪೋಸ್ಟರ್ ಮಾಡ್ಬಿಟ್ಟಿದ್ದಾರೆ. ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಥರ ಸವೆದಿತ್ತು ಅಂತ ಪದ್ಯದ ಮಧ್ಯದಲ್ಲೇ ಇದೆ, ಆಮೇಲೆ ಮುಂದೆಂದೋ ನಿಟ್ಟುಸಿರು ಬಿಟ್ಟು ‘ಕಮ್ಮಿ ಜನ ತುಳಿದ ದಾರಿ ಹಿಡಿದೆ’ ಅಂತ ಬೇರೆ ಥರ ಕಥೆ ಹೇಳ್ತೀನಿ ಅಂತಾನೆ. ಯಾವ ದಾರಿಲಿ ಹೋದ್ರೂ ಇನ್ನೊಂದಕ್ಕೆ ಹಳಹಳಿಸ್ತಿದ್ದ ಗೆಳೆಯನ ಕಾಲೆಳೆಯೋಕೆ ಬರೆದಿದ್ದಂತೆ. ಪೆನ್ಸಿಲ್ಲಿಗೆ ಈ ತುಂಟತನ ಸಿಗಲಿಲ್ಲ, ‘ದಾರಿ’ಗೆ ಗೆರೆ ಹಾಕಿದ್ದಷ್ಟೇ ಬಂತು. ಬಾಯಿಬಿಟ್ಟು ಓದಿ ಆ ನಿಟ್ಟುಸಿರಿನ ಹತ್ರ ನಿಂತಾಗ ನಗು ಬಂತು.

ಹಾಗಾಗಿ ಈಗ ಮೊದಲು ಗಟ್ಟಿ ಓದು, ಆಮೇಲೆ ಪೆನ್ಸಿಲ್, ಸಾರಾಂಶ ಕಟ್ಟಕಡೆಗೆ. ಸುತ್ತ ಜನ ಇದ್ರೆ ದನಿ ತೆಗೆಯೋಕಾಗಲ್ಲ, ತುಟಿ ಮಾತ್ರ ಅಲ್ಲಾಡಿಸ್ತೀನಿ, ಅರ್ಧಕ್ಕರ್ಧ ಕೆಲಸ ಅದರಲ್ಲೂ ಆಗುತ್ತೆ.