ದಿ ಸೇಂಟಾ, ಪೀಟರ್ ಗನ್ನಾ? ಮೊದ್ಲು ಯಾವ್ದು ನೋಡೋದು

ಕಪ್ಪು ಬಿಳುಪು ಪತ್ತೇದಾರಿ ಸೀರಿಯಲ್ಲು, ಅದ್ರಲ್ಲೂ ಒಡವೆ ಕಳ್ಳರ ಕಥೆ ಇಷ್ಟ ಅನ್ನೋರಿಗೆ ನಾನು ಹೇಳೋದು ಬ್ರಿಟನ್ನಿನ ‘ದಿ ಸೇಂಟ್’, ಯಾಕಂದ್ರೆ ರೋಜರ್ ಮೂರ್ ಮಾಡಿರೋ ಸೈಮನ್ ಟೆಂಪ್ಲರ್‌ಗೆ ಕಳ್ಳರ ಬುದ್ಧಿ ಚೆನ್ನಾಗ್ ಗೊತ್ತು, ಇನ್ಸ್‌ಪೆಕ್ಟರ್ ಟೀಲ್‌ಗೆ ಇವನ ಮೇಲೇ ಅನುಮಾನ, ಇನ್ನು ಶುರುವಲ್ಲಿ ಯಾರೋ ಇವನ ಹೆಸ್ರು ಹೇಳ್ತಿದ್ದಂಗೆ ಮೆಲ್ಲಗೆ ಕಣ್ಣು ಮೇಲೆತ್ತಿ ನೋಡ್ತಾನೆ, ತಲೆ ಮೇಲೆ ಪ್ರಭಾವಳಿ ಮೂಡುತ್ತೆ, ಆ ಒಂದ್ ಕ್ಷಣಕ್ಕೇ ನಾನು ಫಿದಾ. 1962ರಲ್ಲಿ ಶುರುವಾಗಿದ್ದು, ಒಟ್ಟು 118 ಎಪಿಸೋಡು, ಮೊದಲ 71 ಕಪ್ಪು ಬಿಳುಪು, ಆಮೇಲೆ ಕಲರ್.

ಅಮೆರಿಕದ ‘ಪೀಟರ್ ಗನ್’ (1958–61) ಅರ್ಧ ಗಂಟೆಯದ್ದು, ಊಟ ಆದ್ಮೇಲೆ ಒಂದು ನೋಡಿ ಮಲಗ್ಬೋದು. ಹೆನ್ರಿ ಮ್ಯಾನ್ಸಿನಿ ಜಾಝ್ ಅಂತೂ ಸೂಪರ್, ಪತ್ತೇದಾರ ಗನ್ ಹೋಗಿ ಕೂರೋ ‘ಮದರ್ಸ್’ ಕ್ಲಬ್ಬಿನ ಆ ಹೊಗೆ, ನೆರಳು ನೋಡ್ತಾನೇ ಇರ್ಬೇಕು ಅನ್ಸುತ್ತೆ, ಆದ್ರೆ ಕಥೆ ಬೆಳೆಯೋಕೆ ಜಾಗ ಕಮ್ಮಿ. ಒಂದು ಗಂಟೆ ಟೈಮ್ ಇದ್ಯಾ, ಸೇಂಟೇ ಹಾಕಿ.